ಅಧ್ಯಕ್ಷರು ಪೂಜೆ ಮಾಡಿದ ಡಿಸ್ಕು

ನಮ್ಮ ಅಧ್ಯಕ್ಷ ಮುನಿನಾರಾಯಣಪ್ಪನವರಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಒಂದೂ ಇರಲಿಲ್ಲ. ರೇಷ್ಮೆ ಸಂಘಕ್ಕೆ ಕಂಪ್ಯೂಟರ್ ಬಂದ ದಿನ ಅದರ ಸುತ್ತ ಒಂದು ಸುತ್ತು ಬಂದರು, ನೆತ್ತಿ ಮುಟ್ಟಿದರು, "ಇದಕ್ಕೆ ಸೆಕೆ ಐತೆ" ಅಂತ ತೀರ್ಪು ಕೊಟ್ಟರು. ಅವರದು ದಿಬ್ಬೂರಹಳ್ಳಿಯಲ್ಲಿ ತಲೆಮಾರುಗಳಿಂದ ಹುಳ ಸಾಕಿದ ಮನೆ. ಬೇಸಿಗೆಯಲ್ಲಿ ಹುಳದ ಮನೆ ತಂಪಾಗಿರಲಿ ಅಂತ ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಕಂಪ್ಯೂಟರಿಗೂ ಮಾಡಿಸಿದರು. ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟರು. ಹೊಸ್ತಿಲಲ್ಲಿ ಸುಣ್ಣದ ಪುಡಿ, ಅದರ ಮೇಲೆ ಬ್ಲೀಚಿಂಗ್ ಪೌಡರ್ ಎರಚಿಸಿದರು. ಚಪ್ಪಲಿ ಹಾಕಿಕೊಂಡು ಒಳಗೆ ಬರಬಾರದು, ಮೈಲಿಗೆಯಲ್ಲಿ ಬರಬಾರದು, ಜೋರಾಗಿ ಸೀನಬಾರದು. ಹುಳಕ್ಕೆ ರೋಗ ಬರದಂತೆ ಮಾಡುವ ಉಪಾಯ ಇದು. ಕಂಪ್ಯೂಟರಿಗೆ ರೋಗ ಬರಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ನಾನು ವರಲಕ್ಷ್ಮಮ್ಮ, ಅದೇ ಸಂಘದಲ್ಲಿ ಗುಮಾಸ್ತೆ. ಟೈಪಿಂಗ್ ಸೀನಿಯರ್ ಪಾಸಾಗಿದ್ದೆ ಅನ್ನುವ ಒಂದೇ ಕಾರಣಕ್ಕೆ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ಶಿಡ್ಲಘಟ್ಟದ ಸುತ್ತಮುತ್ತ ಯಾವ ಸದಸ್ಯ ಯಾವತ್ತು ಸೇರಿದ, ಯಾವ ವರ್ಷ ಸಂಘದ ಮೂಲಕ ಎಷ್ಟು ಗೂಡು ಕೊಂಡು ನೂಲು ತೆಗೆದ ಅನ್ನುವುದನ್ನೆಲ್ಲ ಹಳೇ ಪುಸ್ತಕಗಳಿಂದ ನೋಡಿ ನೋಡಿ ನಾನೇ ಟೈಪ್ ಮಾಡಿದೆ. ಕಣ್ಣು ಹೋಯಿತು, ಬೆನ್ನು ಹೋಯಿತು. ಟೈಪ್ ಮುಗಿದ ವಾರವೇ ಅಧ್ಯಕ್ಷರು ಆ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿಸಿದರು. "ಒಳಗಡೆ ಎಲ್ಲಾ ಐತಲ್ಲಮ್ಮ, ಹೊರಗಡೆ ಯಾಕೆ ಧೂಳು?" ಅಂದರು. ಆಮೇಲೆ ತುಂಬಾ ದಿನ ಬಸ್ ಸ್ಟ್ಯಾಂಡಿನ ಬೋಂಡ ಅಂಗಡಿಯಲ್ಲಿ ನಮ್ಮ ಸದಸ್ಯರ ಲೆಕ್ಕ ಎಣ್ಣೆ ಕುಡಿಯುತ್ತಿತ್ತು.

ಆ ಯಂತ್ರವನ್ನು ಕೂರಿಸಿಕೊಟ್ಟವನು ಸಾದಿಕ್ ಪಾಷಾ ಅನ್ನುವ ಇಂಜಿನಿಯರ್. ಗೌರಿಬಿದನೂರಿನ ಹುಡುಗ, ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕೆಲಸ. ಲಿನಕ್ಸ್ ಅನ್ನುವುದನ್ನು ಹಾಕಿದ್ದ. ಅದು ಪುಕ್ಕಟೆ ಅಂತ ನಮ್ಮ ಅಧ್ಯಕ್ಷರು ಒಪ್ಪಿದರು, ಅದು ಮೇಲ್ಮಟ್ಟದ್ದು ಅಂತ ಅವನು ಮೀಸೆ ತಿರುವಿದ. ಒಳಗೆ ಎರಡು ಡಿಸ್ಕು ಇದ್ದವು. ಒಂದರಲ್ಲಿ ಬರೆದಿದ್ದೆಲ್ಲ ಇನ್ನೊಂದರಲ್ಲೂ ತಾನಾಗಿ ಬರೆದುಕೊಳ್ಳುತ್ತದೆ, ಒಂದು ಸತ್ತರೆ ಇನ್ನೊಂದು ಇರುತ್ತದೆ ಅಂತ ಹೇಳಿಕೊಟ್ಟ. ಹೇಳುವಾಗ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ, ಗೋಡೆಗೆ ಹೇಳುತ್ತಿದ್ದ. ನಾವು ಹಳ್ಳಿ ಗುಗ್ಗುಗಳು, ನಮಗೆ ಹೇಳಿ ಏನು ಪ್ರಯೋಜನ ಅನ್ನುವ ಭಾವ ಮುಖದ ಮೇಲೆ ದಪ್ಪಕ್ಕೆ ಬರೆದಿತ್ತು.

ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ದಿಲ್ಷಾದ್ ಬೇಗಂ. ಗಂಡ ಸತ್ತ ಮೇಲೆ ಗೂಡು ಬೇಯಿಸುವ ಅವನ ಬೇಸಿನ್ನಿನ ಮುಂದೆ ತಾನೇ ಕೂತು ಕುದಿಯುವ ನೀರಿಗೆ ಬೆರಳಿಟ್ಟು ಎಳೆ ತೆಗೆದು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಬೆರಳ ತುದಿಯ ಚರ್ಮ ಬೆಂದು ಬೆಂದು ಬಿಳಿಚಿಕೊಂಡಿತ್ತು. ಮಸೀದಿ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಒಂದು ಶೆಡ್ಡು ಹಿಡಿದಿದ್ದಳು. ಬೆಂದ ಹುಳದ ವಾಸನೆ ತಡೆಯಕ್ಕಾಗಲ್ಲ ಅಂತ ಮಾಲೀಕ ದಸರಾ ಕಳೆದ ಮೇಲೆ ಖಾಲಿ ಮಾಡಲೇಬೇಕು ಅಂದಿದ್ದ. ಅದೇ ಹೊತ್ತಿಗೆ ಊರ ಹೊರಗೆ ಚಿಂತಾಮಣಿ ರಸ್ತೆಯಲ್ಲಿ ಸಂಘ ಹೊಸ ಶೆಡ್ಡುಗಳನ್ನು ಕಟ್ಟಿಸಿತ್ತು. ನೀರು, ಕರೆಂಟು, ಬಾಯ್ಲರು ಎಲ್ಲಾ ಇದ್ದ ಶೆಡ್ಡುಗಳು. ಹಂಚಿಕೆ ಹಿರಿತನದ ಮೇಲೆ ಅಂತ ಬೈಲಾದಲ್ಲೇ ಇತ್ತು: ಯಾರು ಮೊದಲು ಸೇರಿದರು, ಯಾರು ಹೆಚ್ಚು ಗೂಡು ಬಿಚ್ಚಿದರು. ಆ ಪ್ರಕಾರ ಲೆಕ್ಕ ಹಾಕಿದರೆ ದಿಲ್ಷಾದ್ ಬೇಗಂ ಹೆಸರೇ ಎಲ್ಲರಿಗಿಂತ ಮೇಲೆ. ಆ ಲೆಕ್ಕ ಇದ್ದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ. ಶೆಡ್ಡು ಸಿಗದಿದ್ದರೆ ಬೇಸಿನ್ ಮಾರಿ ಇನ್ಯಾರದೋ ಹತ್ತಿರ ಕೂಲಿಗೆ ಕೂರಬೇಕು. ಸಂಘಕ್ಕೆ ಬಂದಾಗಲೆಲ್ಲ ಅವಳು ಕಂಪ್ಯೂಟರಿನ ಕೋಣೆಯ ಬಾಗಿಲಲ್ಲಿ ನಿಂತು, "ನನ್ನ ಹೆಸ್ರು ಇದ್ಯಲ್ಲಮ್ಮ ಒಳಗೆ?" ಅಂತ ಕೇಳಿ ಹೋಗುತ್ತಿದ್ದಳು.

ತೊಂಬತ್ತೊಂಬತ್ತರ ಗಣೇಶನ ಹಬ್ಬ ಕಳೆದಿತ್ತು. ಒಂದು ದಿನ ಏನು ಟೈಪ್ ಮಾಡಿದರೂ ಜಾಗ ಇಲ್ಲ ಅಂತ ಯಂತ್ರ ಹಟ ಹಿಡಿಯಿತು. ಸಾದಿಕ್ ಪಾಷಾನಿಗೆ ಫೋನ್ ಮಾಡಿಸಿದೆ. ಅವನು ಬಂದು ಕರಿ ಪರದೆಯ ಮೇಲೆ ಏನೇನೋ ಕುಟ್ಟಿ ನಕ್ಕ. "ಲಾಗ್ ಫೈಲ್ ತುಂಬ್ಕೊಂಡಿದೆ ಮೇಡಂ. ಯಂತ್ರ ತನ್ನ ದಿನಚರಿ ಬರ್ಕೊಳ್ಳತ್ತೆ, ಅದೇ ಎಲ್ಲಾ ಜಾಗ ತಿಂದಿದೆ. ಅಳಿಸ್ಬಿಟ್ರೆ ಆಯ್ತು."

"ಅಷ್ಟೊಂದು ಏನಪ್ಪ ಬರ್ಕೊಂಡಿದೆ?" ಅಂದೆ.

"ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ."

ನನಗೆ ಅರ್ಥವಾಗುವುದಿಲ್ಲ, ಸರಿ. ಅವನಾದರೂ ಓದಿದನೇ? ಇಲ್ಲ. ಅಳಿಸಿದ, ಚಹಾ ಕುಡಿದ, ಬೈಕ್ ಹತ್ತಿ ಹೋದ. ಸಾಯುವ ಮುದುಕ ಕಾಗದದ ಮೇಲೆ ಕಾಗದ ಬರೆದು ನನಗೆ ಹುಷಾರಿಲ್ಲ, ಹುಷಾರಿಲ್ಲ ಅಂದರೆ, ಮನೆ ತುಂಬಾ ಕಾಗದವಾಯಿತು ಅಂತ ಗುಡಿಸಿ ಒಲೆಗೆ ಹಾಕುವ ಮಗನ ಹಾಗೆ.

ಕೆಲವೇ ದಿನಕ್ಕೆ ಮತ್ತೆ ಜಾಗ ಇಲ್ಲ. ಈ ಸಲ ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಅಂತ ಸದ್ದು ಬೇರೆ. ಅವನು ಬಂದವನು ಈಗ ಓದಿದ. ಓದುತ್ತಾ ಓದುತ್ತಾ ಮುಖ ಸಣ್ಣದಾಯಿತು. ಡಿಸ್ಕನ್ನು ಓದಕ್ಕಾಗುತ್ತಿಲ್ಲ ಅನ್ನುವ ಒಂದೇ ದೂರನ್ನು ಯಂತ್ರ ಸಾವಿರಾರು ಸಲ ಬರೆದುಕೊಂಡಿತ್ತು. ಜಾಗ ತುಂಬಿದ್ದು ಆ ದೂರಿನಿಂದಲೇ.

"ಪರವಾಗಿಲ್ಲ, ಇನ್ನೊಂದು ಡಿಸ್ಕಲ್ಲಿ ಎಲ್ಲಾ ಇರತ್ತೆ" ಅಂದುಕೊಂಡು ಪೆಟ್ಟಿಗೆ ಬಿಚ್ಚಿದ. ಒಳಗೆಲ್ಲ ತುಕ್ಕು, ಫ್ಲಾಪಿ ಹಾಕುವ ಬಾಯಿಯಲ್ಲಿ ಗಟ್ಟಿಯಾಗಿ ಅಂಟಿದ ಸುಣ್ಣ. ಎರಡನೇ ಡಿಸ್ಕು ಇರಬೇಕಾದ ಜಾಗದಲ್ಲಿ ಒಂದು ಬಿಟ್ಟ ತಂತಿ ನೇತಾಡುತ್ತಿತ್ತು.

ಅಧ್ಯಕ್ಷರನ್ನು ಕೇಳಿದೆವು. ಅವರಿಗೆ ನಾಚಿಕೆ ಇಲ್ಲ, ಗಾಬರಿ ಇಲ್ಲ. "ಎರಡರಲ್ಲೂ ಬರ್ದಿರೋದು ಒಂದೇ ಅಂತ ಈ ಇಂಜಿನಿಯರ್ರೇ ಹೇಳಿದ್ರಲ್ಲಮ್ಮ? ಒಂದು ದಂಡ ಅಲ್ವಾ? ಚಿಕ್ಕಬಳ್ಳಾಪುರದಲ್ಲಿ ನಮ್ಮ ಅಳಿಯ ಕಂಪ್ಯೂಟರ್ ಕ್ಲಾಸ್ ಇಟ್ಟವ್ನೆ. ಬಿಚ್ಚಿ ಅವನಿಗೆ ಕೊಟ್ಟೆ, ನಾಕು ಮಕ್ಕಳು ಕಲೀಲಿ ಅಂತ."

ಸಾದಿಕ್ ಪಾಷಾ ತಲೆ ಮೇಲೆ ಕೈ ಇಟ್ಟುಕೊಂಡ. ಆದರೂ ಆಸೆ ಇತ್ತು: ಬಿಚ್ಚಿದ ದಿನದವರೆಗಿನ ಲೆಕ್ಕ ಆ ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತದೆ, ಹಿರಿತನಕ್ಕೆ ಅಷ್ಟೇ ಸಾಕು. ಇಬ್ಬರೂ ಅವತ್ತೇ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆವು. ಅಳಿಯ ದೇವರು ನಗುನಗುತ್ತಾ ಬರಮಾಡಿಕೊಂಡ. ಕ್ಲಾಸಿನಲ್ಲಿ ಗಾಜಿನ ಬೀರು, ಅದರೊಳಗೆ ಸ್ಯಾಟಿನ್ ಬಟ್ಟೆ, ಬಟ್ಟೆಯ ಮೇಲೆ ನಮ್ಮ ಡಿಸ್ಕು. ಮುಚ್ಚಳ ಕಿತ್ತು ಇಟ್ಟಿದ್ದ. "ನಮ್ಮ ಮೆಷಿನ್‌ಗೆ ಅದರ ಪಿನ್ನೇ ಕೂರಲಿಲ್ಲ ಸಾರ್. ಅದಕ್ಕೇ ಸ್ಟೂಡೆಂಟ್ಸ್‌ಗೆ ತೋರ್ಸಕ್ಕೆ ಬಿಚ್ಚಿಟ್ಟಿದೀನಿ" ಅಂದ. ಒಳಗಿನ ತಟ್ಟೆ ಫಳಫಳ ಹೊಳೆಯುತ್ತಿತ್ತು, ಅದರ ತುಂಬಾ ಬೆರಳಚ್ಚು. ನಾವು ನೋಡುತ್ತಿದ್ದ ಹಾಗೇ ಒಬ್ಬಳು ವಿದ್ಯಾರ್ಥಿನಿ ಬಂದು ಬೀರು ತೆಗೆದು, ಅದರಲ್ಲಿ ಮುಖ ನೋಡಿಕೊಂಡು ಹಣೆಯ ಸ್ಟಿಕ್ಕರ್ ಸರಿ ಮಾಡಿಕೊಂಡು ಹೋದಳು. ಕೂದಲೆಳೆಯಷ್ಟು ಧೂಳು ಬಿದ್ದರೂ ಹಾಳಾಗುವ ವಸ್ತು ಅದಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಸಾದಿಕ್ ಪಾಷಾನನ್ನು ಸಮಾಧಾನ ಮಾಡುವ ಮನಸ್ಸು ನನಗಿರಲಿಲ್ಲ.

ಉಳಿದದ್ದು ಟಿಕ್ ಟಿಕ್ ಅನ್ನುತ್ತಿದ್ದ ಆ ಒಂದೇ ಡಿಸ್ಕು. ಪೂರ್ತಿ ಸತ್ತಿರಲಿಲ್ಲ. ಹೊಸ ಡಿಸ್ಕು ತಂದು ಅದಕ್ಕೆ ಎಲ್ಲವನ್ನೂ ಇಳಿಸಿಕೊಳ್ಳಬೇಕು ಅಂದ.

"ಅಲ್ಲಿವರೆಗೂ ಆ ಹಿರಿತನದ್ದಾದ್ರೂ ಪ್ರಿಂಟ್ ತೆಗೀಬಾರ್ದೇನಪ್ಪ?" ಅಂತ ಕೇಳಿದೆ.

"ಪ್ರಿಂಟರ್ ರಿಬ್ಬನ್ ಒಣಗಿ ಹೋಗಿದೆ. ಅಲ್ದೆ ಈಗ ಅದನ್ನ ಜಾಸ್ತಿ ಓದ್ಸಿದ್ರೆ ಇನ್ನೂ ಕೆಡತ್ತೆ ಮೇಡಂ. ಮಾಡಿದ್ರೆ ಒಂದೇ ಸಲ, ಸರಿಯಾಗಿ ಮಾಡ್ಬೇಕು." ಸರಿಯಾಗಿ ಮಾಡುವ ಜಾತಿಯವರಿಂದಲೇ ಅರ್ಧ ಲೋಕ ಕೆಟ್ಟಿದೆ ಅಂತ ನನ್ನ ಅಭಿಪ್ರಾಯ.

ಹೊರಡುವ ಮೊದಲು ಅವನು ಅಧ್ಯಕ್ಷರ ಕೋಣೆಗೆ ಹೋಗಿ, ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದ. "ನೋಡಿ ಸಾರ್. ಆ ಡಿಸ್ಕ್ ಸುತ್ತುತಾ ಇರೋವರೆಗೂ ಜೀವ ಇದೆ. ನಿಲ್ಸಿದ್ರೆ, ಮುಗೀತು. ಮತ್ತೆ ಏಳಲ್ಲ. ಕರೆಂಟ್ ಹೋದ್ರೂ ಯುಪಿಎಸ್ ನೋಡ್ಕೊಳ್ಳತ್ತೆ. ಯಾರೂ ಆಫ್ ಮಾಡ್ಬಾರ್ದು. ತಿಳೀತಾ?"

ಅಧ್ಯಕ್ಷರು ಬಾಯಿ ತೆರೆದುಕೊಂಡು ಕೇಳಿದರು. "ನಿಲ್ಸಿದ್ರೆ ಏಳಲ್ವಾ?"

"ಏಳಲ್ಲ."

"ಒಳಗಿರೋ ಹೆಸರುಗಳು?"

"ಅವೂ ಹೋದ ಹಾಗೇ."

"ಅಂದ್ರೆ ನಿಲ್ಸಲೇಬಾರದು ಅನ್ನಿ."

"ಅಯ್ಯೋ, ಅದನ್ನೇ ಸಾರ್ ಹೇಳ್ತಿರೋದು!" ಅಂತ ಸಾದಿಕ್ ಪಾಷಾ ಹೊರಗೆ ಬಂದು ನನ್ನ ಮುಂದೆ ಹಣೆ ಚಚ್ಚಿಕೊಂಡ. "ಎಂಥಾ ಮನುಷ್ಯನ್ನ ಕಟ್ಕೊಂಡಿದೀರಾ ಮೇಡಂ, ಒಂದ್ ವಿಷಯ ಎಷ್ಟು ಸಲ ಹೇಳ್ಬೇಕು?" ನಾನೂ ಹೌದು ಅಂತ ತಲೆಯಾಡಿಸಿದೆ.

ಆಯುಧಪೂಜೆಯ ಬೆಳಿಗ್ಗೆ ಅಧ್ಯಕ್ಷರು ನನ್ನನ್ನು ಕರೆದು, ಮಂಚೇನಹಳ್ಳಿಯಲ್ಲಿದ್ದ ನಮ್ಮ ಗೂಡಿನ ಡಿಪೋದಲ್ಲಿ ಪೂಜೆಗೆ ಯಾರೂ ಇಲ್ಲ, ನೀನೇ ಹೋಗಮ್ಮ ಅಂದರು. ಹೋದೆ. ತಕ್ಕಡಿಗೆ ಕುಂಕುಮ ಇಟ್ಟು, ಕಾಯಿ ಒಡೆದು, ಪುರಿ ಹಂಚಿ ವಾಪಸ್ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಸಂಘದ ಬಾಗಿಲಲ್ಲಿ ಒಡೆದ ಬೂದುಗುಂಬಳ. ಕಂಪ್ಯೂಟರಿಗೆ ಬಾಳೆ ಕಂದು ಕಟ್ಟಿದ್ದರು, ಸೇವಂತಿಗೆ ಹಾರ ಹಾಕಿದ್ದರು, ಪರದೆಗೆ ಮೂರು ಬೆರಳಿನ ವಿಭೂತಿ. ಕೋಣೆಯಲ್ಲಿ ಟಿಕ್ ಟಿಕ್ ಇಲ್ಲ. ಫ್ಯಾನಿನ ಗುಂಯ್ ಅನ್ನುವ ಸದ್ದೂ ಇಲ್ಲ. ಗೋಡೆಯಲ್ಲಿ ಮೈನ್ ಸ್ವಿಚ್ಚು ಕೆಳಗಿತ್ತು, ಯುಪಿಎಸ್ಸಿನ ಗುಂಡಿಗೂ ಕುಂಕುಮ ಹಚ್ಚಿ ಆರಿಸಿದ್ದರು.

"ಓಡ್ತಾ ಇರೋ ಆಯುಧಕ್ಕೆ ಪೂಜೆ ಮಾಡಬಾರದಲ್ಲಮ್ಮ" ಅಂದರು ಅಧ್ಯಕ್ಷರು. "ಲಾರೀನೂ ನಿಲ್ಸಿದೀವಿ, ಚರಕಾನೂ ನಿಲ್ಸಿದೀವಿ. ಇದು ಮಾತ್ರ ಮೇಲಿಂದ ಇಳಿದು ಬಂತಾ?"

ಸ್ವಿಚ್ಚು ಮೇಲೆ ಹಾಕಿದೆ. ಫ್ಯಾನ್ ತಿರುಗಿತು, ಪರದೆ ಬೆಳಗಿತು, ಡಿಸ್ಕು ಇಲ್ಲ ಅಂತ ಒಂದು ಸಾಲು ಬಂತು. ಅಷ್ಟೇ. ಅಧ್ಯಕ್ಷರು ನನ್ನ ಹೆಗಲ ಮೇಲಿಂದ ಇಣುಕಿ, "ಹೋಯ್ತಾ? ಅಯ್ಯೋ ಪಾಪ" ಅಂದರು. ಆಮೇಲೆ ಅದೇ ಉಸಿರಲ್ಲಿ, "ಇರ್ಲಿ, ಹಂಚಿಕೆ ನಿಲ್ಸಕ್ಕಾಗಲ್ಲ. ಕಮಿಟಿ ತೀರ್ಮಾನ ಅಂತ ನಾನು ಹೇಳೋ ಹೆಸರು ಟೈಪ್ ಮಾಡ್ಕೊ" ಅಂದರು. ಭಾವಮೈದ, ಭಾವಮೈದನ ತಮ್ಮ, ಶೆಡ್ಡು ಹಿಡಿದು ಬಾಡಿಗೆಗೆ ಬಿಡಲೆಂದೇ ನೂಲು ತೆಗೆಯುವ ಲೈಸೆನ್ಸು ಮಾಡಿಸಿಕೊಂಡ ಇನ್ನಷ್ಟು ಜನ. ಬಿಸಿ ನೀರಿಗೆ ಒಂದು ದಿನವೂ ಬೆರಳು ಅದ್ದಿದವರಲ್ಲ. ಎಲ್ಲೂ ತಡವರಿಸದೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಅವರ ಕಣ್ಣು ನೋಡಿದೆ. ಅಲ್ಲಿ ದಡ್ಡತನದ ಸುಳಿವೇ ಇರಲಿಲ್ಲ. ಡಿಸ್ಕನ್ನು ಕೊಲ್ಲುವುದು ಹೇಗೆ ಅಂತ ಆ ಬುದ್ಧಿವಂತ ಇಂಜಿನಿಯರ್ ಒಂದೊಂದೇ ಮಾತು ಬಿಡಿಸಿ ಹೇಳಿಕೊಟ್ಟಿದ್ದ, ಈ ಮನುಷ್ಯ ಚೆನ್ನಾಗಿ ಮನದಟ್ಟು ಮಾಡಿಕೊಂಡಿದ್ದರು. ನನಗೆ ಮೈ ಉರಿದುಹೋಯಿತು. ಟೈಪ್‌ರೈಟರಿನ ರಿಬ್ಬನ್ನೂ ಒಣಗಿದೆ ಅಂತ ಹೇಳಿ ಎದ್ದೆ.

ವಿಜಯದಶಮಿಯ ದಿನ ಸಂಘಕ್ಕೆ ರಜ. ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಸಾದಿಕ್ ಪಾಷಾನಿಗೆ ಫೋನ್ ಮಾಡಿದ್ದೆ, ಬೆಳಿಗ್ಗೆಯೇ ಹೊಸ ಡಿಸ್ಕು ಹಿಡಿದುಕೊಂಡು ಬಂದ. ನಡೆದದ್ದನ್ನು ಹೇಳಿದಾಗ ಬೈಯಲಿಲ್ಲ, ಅಹಂಕಾರವೂ ಮಾಡಲಿಲ್ಲ. ಹಳೇ ಡಿಸ್ಕನ್ನು ಬಿಚ್ಚಿ ಕಿವಿ ಹತ್ತಿರ ಹಿಡಿದು ಕೇಳಿದ. ತಟ್ಟೆಗೆ ಓದುವ ಮುಳ್ಳು ಅಂಟಿಕೊಂಡಿದೆ, ಅದಕ್ಕೇ ಸುತ್ತುತ್ತಿಲ್ಲ ಅಂದ. ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದು ಮಣಿಕಟ್ಟನ್ನು ಚಕ್ಕನೆ ತಿರುಗಿಸಿದ. ತಂತಿ ಸಿಕ್ಕಿಸಿ ನೋಡಿದ, ಇಲ್ಲ. ಮತ್ತೆ ಬಿಚ್ಚಿದ, ಇನ್ನೂ ಜೋರಾಗಿ ತಿರುಗಿಸಿದ. ಈ ಸಲ ಒಳಗೆ ಏನೋ ಕಳಚಿದ ಹಾಗೆ ಸಣ್ಣ ಸದ್ದು. ಕರೆಂಟು ಕೊಟ್ಟ. ನರಳುತ್ತಾ ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಸರಾಗ. ನನ್ನ ಕಣ್ಣಲ್ಲಿ ನೀರು ಬಂತು, ಬರಲಿ ಅಂತ ಬಿಟ್ಟೆ.

ಹಳೆಯದಕ್ಕೆ ಏನೂ ಬರೆಯುವುದು ಬೇಡ, ಬರೀ ಓದು, ಓದಲಾಗದ ಕಡೆ ನಿಲ್ಲದೆ ಮುಂದೆ ಹೋಗು ಅಂತ ಯಂತ್ರಕ್ಕೆ ಅಪ್ಪಣೆ ಕೊಟ್ಟು, ಹೊಸ ಡಿಸ್ಕಿಗೆ ಇಳಿಸಲು ಶುರು ಮಾಡಿದ. ಅರ್ಧ ಆಗಿರಬಹುದು. ಅಧ್ಯಕ್ಷರು ಬಾಗಿಲಲ್ಲಿ ಬಂದು ನಿಂತರು. ಹೊರಗೆ ನಿಂತಿದ್ದ ಬೈಕು ಅವರಿಗೆ ಎಲ್ಲಾ ಹೇಳಿತ್ತು. ಮೂಗು ಅರಳಿಸಿ, "ವೈರು ಸುಟ್ಟ ವಾಸನೆ ಐತಲ್ಲಮ್ಮ. ಮೈನ್ ಆಫ್ ಮಾಡು" ಅಂದರು.

ಯಾವ ವಾಸನೆಯೂ ಇರಲಿಲ್ಲ. ನಾನು ಕುರ್ಚಿ ಎಳೆದು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ಕೂತೆ.

"ಎದ್ದೇಳಮ್ಮ."

"ಏಳಲ್ಲ. ನೆನ್ನೆ ಪೂಜೆ ಆಯ್ತಲ್ಲ, ಇವತ್ತು ಕೆಲಸ."

"ವರಲಕ್ಷ್ಮಮ್ಮ, ನಿನಗೆ ನೌಕರಿ ಬೇಕಾ, ಬೇಡವಾ?"

"ಬೇಕು ಅಧ್ಯಕ್ಷರೇ. ನಾನು ಕಣ್ಣು ಕಳ್ಕೊಂಡು ಟೈಪ್ ಮಾಡಿರೋದು ಇದು. ನೀವು ನಿಲ್ಸಿದ್ದು ಪೂಜೆಗಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನನ್ನ ಮುಟ್ಟಿ ಎಬ್ಬಿಸಿ ನೋಡಿ, ಬೀದಿಗೆಲ್ಲಾ ಕೇಳೋ ಹಾಗೆ ಕೂಗ್ತೀನಿ."

ಅವರು ಮುಟ್ಟಲಿಲ್ಲ. ಹೆಂಗಸು ಕೂಗಿದರೆ ಮುಂದಿನ ಚುನಾವಣೆ ಏನಾಗುತ್ತದೆ ಅನ್ನುವ ಲೆಕ್ಕ ಅವರಿಗೆ ಕಂಪ್ಯೂಟರ್ ಇಲ್ಲದೆಯೂ ಬರುತ್ತಿತ್ತು. ಸ್ಟೂಲಿನ ಮೇಲೆ ಕೂತು ಸಾದಿಕ್ ಪಾಷಾನ ಕಡೆ ತಿರುಗಿ ಬೆಣ್ಣೆಯಂಥ ದನಿ ತೆಗೆದರು. "ಪಾಪ, ಹಬ್ಬದ ದಿನ ಯಾಕೆ ಇಷ್ಟು ಕಷ್ಟ ಇಂಜಿನಿಯರ್ರೇ? ಇದು ಆಗಲ್ಲ ಅಂತ ಒಂದು ಸಾಲು ಬರ್ಕೊಡಿ. ಹೊಸ ಮೆಷಿನ್ ನಿಮ್ಮ ಕಂಪೆನಿಯಿಂದಾನೇ ತಗಳಣ. ದೊಡ್ಡದೇ ತಗಳಣ."

ಅವನ ಕೈ ಕೀಬೋರ್ಡಿನ ಮೇಲೆ ನಿಂತಿತು. ನಿಂತದ್ದನ್ನು ನಾನು ನೋಡಿದೆ, ಸುಳ್ಳು ಯಾಕೆ ಹೇಳಲಿ. ಆ ಕ್ಷಣ ದಿಲ್ಷಾದ್ ಬೇಗಂ ಗತಿ ಆ ಹುಡುಗನ ಬೆರಳ ತುದಿಯಲ್ಲಿತ್ತು. ಆಮೇಲೆ ಅವನು ತಲೆ ಎತ್ತಿ, "ನನ್ನ ಸಿಸ್ಟಂ ಆಗಲ್ಲ ಅಂತ ನಾನು ಬರ್ಕೊಡಲ್ಲ ಸಾರ್. ಅದು ಆಗತ್ತೆ" ಅಂದ. ನ್ಯಾಯಕ್ಕಾಗಿ ಅಂದನೆಂದು ನಾನು ಹೇಳುವುದಿಲ್ಲ. ಜಂಬಕ್ಕೆ ಅಂದ. ತಾನು ಹಾಕಿದ ಲಿನಕ್ಸ್ ಸೋತಿತು ಅಂತ ಬರೆಯುವುದಕ್ಕಿಂತ ಅವನು ಸತ್ತಾನು. ಆ ಹಾಳು ಜಂಬವೂ ಒಂದು ದಿನ ಉಪಯೋಗಕ್ಕೆ ಬಂತಲ್ಲ ಅಂತ ನನಗೆ ನಗು ಬಂತು. ಮೂವರೂ ಹಾಗೇ ಕೂತಿದ್ದೆವು, ನಾನು ಬೋರ್ಡಿಗೆ ಒರಗಿಕೊಂಡು, ಅಧ್ಯಕ್ಷರು ನನ್ನನ್ನೇ ದುರುಗುಟ್ಟಿಕೊಂಡು. ಕೊನೆಗೆ ಅವನು ಕುರ್ಚಿಗೆ ಒರಗಿ, "ಬಂತು" ಅಂದ.

ಅಂಚಿನಲ್ಲಿ ಅಷ್ಟಿಷ್ಟು ಹೋಗಿತ್ತು. ಸದಸ್ಯರ ಲೆಕ್ಕ ಪೂರ್ತಿ ಉಳಿದಿತ್ತು. ನಾನೇ ರಿಬ್ಬನ್ ಕೊಂಡು ತಂದು ಪ್ರಿಂಟ್ ತೆಗೆದು ಅವತ್ತೇ ನೋಟೀಸ್ ಬೋರ್ಡಿಗೆ ಅಂಟಿಸಿದೆ. ದಿಲ್ಷಾದ್ ಬೇಗಂ ಹೆಸರು ಎಲ್ಲಕ್ಕಿಂತ ಮೇಲೆ.

ಸಭೆಯ ದಿನ ಅಧ್ಯಕ್ಷರು ಜರಿ ಪೇಟ ಸುತ್ತಿಕೊಂಡು ಬಂದರು. ನಾಲಿಗೆ ಒಂದಿಷ್ಟಾದರೂ ತೊದಲುತ್ತದೆ ಅಂತ ನಾನು ಕಾದೆ, ನನ್ನ ಹುಚ್ಚು. "ಕಂಪ್ಯೂಟರ್ ಸತ್ತೇ ಹೋಗಿತ್ತು. ಆಯುಧಪೂಜೆ ದಿನ ನಾನು ಭಕ್ತಿಯಿಂದ ಪೂಜೆ ಮಾಡಿಸಿದೆ. ಮಾರನೇ ದಿನವೇ ಜೀವ ಬಂತು. ಯಾರಿಗೂ ಅನ್ಯಾಯ ಆಗಬಾರದು ಅನ್ನೋದೇ ನನ್ನ ಹರಕೆ" ಅಂದರು. ಜನ ಚಪ್ಪಾಳೆ ಹೊಡೆದರು. ಎರಡು ಕೈ ಎತ್ತಿ ಹೊಡೆದರು. ಮೊದಲ ಶೆಡ್ಡಿನ ಕೀ ಈಸಿಕೊಳ್ಳಲು ದಿಲ್ಷಾದ್ ಬೇಗಂ ವೇದಿಕೆಗೆ ಹೋದಳು. ಸೆರಗು ತಲೆ ಮೇಲೆ ಎಳೆದುಕೊಂಡು, ಮೈಕು ಹತ್ತಿರಕ್ಕೆ ಬಾಗಿ, "ಅಧ್ಯಕ್ಷರು ನಮ್ ಪಾಲಿಗೆ ದೇವ್ರಿದ್ದಂಗೆ" ಅಂದಳು. ಮತ್ತೆ ಚಪ್ಪಾಳೆ. ಮುನಿನಾರಾಯಣಪ್ಪನವರು ಫೋಟೋಗೆ ಹಲ್ಲು ಬಿಟ್ಟರು. ನನಗೆ ಅಧ್ಯಕ್ಷರಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ನೌಕರಿ ಪಣಕ್ಕಿಟ್ಟು ಬೋರ್ಡಿಗೆ ಬೆನ್ನು ಕೊಟ್ಟವಳು ನಾನು, ದೇವರಾದವರು ಅವರು. ಅಂದೇ ನನ್ನನ್ನು ಮಂಚೇನಹಳ್ಳಿಯ ಡಿಪೋಗೆ ವರ್ಗ ಮಾಡಿದ ಕಾಗದ ಕೈಗೆ ಬಂತು.

ಸಂಜೆ ನೇರವಾಗಿ ಹೊಸ ಶೆಡ್ಡಿನ ಹತ್ತಿರ ಹೋದೆ. ಬೈದೇ ಬರಬೇಕು ಅಂತಲೇ ಹೋದೆ. ದಿಲ್ಷಾದ್ ಬೇಗಂ ಬಾಗಿಲಿಗೆ ಹೊಸ ಬೀಗ ಹಾಕಿ, ಹಿಡಿದು ಜಗ್ಗಿ ನೋಡುತ್ತಿದ್ದಳು. ಸಂಘ ಕೊಟ್ಟಿದ್ದ ಬೀಗ, ಮೈಕಿನ ಮುಂದೆ ಎರಡು ಕೈಯಲ್ಲಿ ಈಸಿಕೊಂಡಿದ್ದ ಆ ಕೀಯೂ ಸೇರಿ, ಮೆಟ್ಟಿಲ ಹತ್ತಿರ ಮಣ್ಣಲ್ಲಿ ಬಿದ್ದಿತ್ತು.

"ಏನಿದು? ಹೊಸಾ ಬೀಗವೇ ಅಲ್ವಾ ಅದು?" ಅಂದೆ.

ಅವಳು ಹೊಸ ಕೀಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

"ಅದಕ್ಕೆ ಇನ್ನೊಂದು ಕೀ ಆ ದೇವ್ರ ಜೇಬಲ್ಲಿ ಇರಲ್ವೇನಮ್ಮ?" ಅಂದಳು.